ನಮ್ಮ ಬೇಲಿಗೆ ನಾವು ಉರುಳು ಹಾಕಿದರೆ ತಪ್ಪೇನು?

"ಅಭಯಾರಣ್ಯ ನಮ್ಮೂರಿಂದ ಹನ್ನೆರಡು ಕಿಲೋಮೀಟರ್ ಆಚೆ ಇದೆ ಸಾರ್. ಉರುಳು ಹಾಕಿದ್ದು ನಮ್ಮ ಜೋಳದ ಹೊಲದ ಬೇಲಿಗೆ. ಜಮೀನು ಅಪ್ಪನ ಹೆಸರಲ್ಲೇ ಇದೆ, ನೋಡಿ." ಹೀಗೆ ಹೇಳಿ ಒಬ್ಬ ಹುಡುಗ ಪಹಣಿಯನ್ನು ನನ್ನ ಮೇಜಿನ ಮೇಲೆ ಹರಡಿದ. ಅವನ ಅಣ್ಣ ಆಗಲೇ ಜೈಲಿನಲ್ಲಿದ್ದ. ಹಂದಿ ಕಾಟ ತಡೆಯಲಾರದೆ ಬೈಕಿನ ಹಳೆಯ ಕ್ಲಚ್ ವೈರಿನಿಂದ ಉರುಳು ಮಾಡಿ ಕಟ್ಟಿದ್ದರು. ಬೆಳಿಗ್ಗೆ ನೋಡಿದರೆ ಅದರಲ್ಲಿ ಚಿರತೆ ಸತ್ತು ಬಿದ್ದಿತ್ತು. ಹೆದರಿ ಅಂದು ರಾತ್ರಿಯೇ ಹೂತರು. ಮೂರನೇ ದಿನ ಅರಣ್ಯ ಇಲಾಖೆಯ ಜೀಪು ಬಂತು.

ಆ ಪಹಣಿ ನೋಡಿ ನನಗೆ ಸಂಕಟವಾಯಿತು. ಇಂಥ ಪ್ರಕರಣಗಳಲ್ಲಿ ನನ್ನ ಬಳಿ ಬರುವವರೆಲ್ಲ ಮೊದಲು ತೋರಿಸುವುದು ಜಾಗದ ಕಾಗದವನ್ನೇ. ಬೇಟೆ ನಿಷೇಧ ಇರುವುದು ಅಭಯಾರಣ್ಯದೊಳಗೆ, ಹೊರಗೆ ಅಡ್ಡಿಯಿಲ್ಲ, ಸ್ವಂತ ಜಮೀನಿನಲ್ಲಂತೂ ಕೇಳುವವರಿಲ್ಲ ಎಂಬ ನಂಬಿಕೆ ಮಲೆನಾಡಿನಿಂದ ಬಯಲುಸೀಮೆಯವರೆಗೂ ಇದೆ. ಈ ಒಂದು ನಂಬಿಕೆಯಿಂದ ಜೈಲು ಸೇರಿದವರ ಮನೆಗಳನ್ನು ನಾನು ನೋಡಿದ್ದೇನೆ.

ಕರ್ನಾಟಕದಲ್ಲಿ ಬೇಟೆಗೆ ಅನುಮತಿ ಇರುವ ಜಾಗ ಎಲ್ಲಿದೆ ಎಂದು ಕೇಳಿದರೆ, ಎಲ್ಲೂ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ಜಾಗವನ್ನು ಕೇಳುವುದೇ ಇಲ್ಲ, ಪ್ರಾಣಿ ಯಾವುದು ಎಂದು ಕೇಳುತ್ತದೆ. ಒಂದು ಮತ್ತು ಎರಡನೇ ಅನುಸೂಚಿಯಲ್ಲಿರುವ ಪ್ರಾಣಿಯನ್ನು ಕಾಡು, ಗೋಮಾಳ, ಕಾಫಿ ತೋಟ, ನಿಮ್ಮ ಹಿತ್ತಲು, ಎಲ್ಲೇ ಬೇಟೆಯಾಡಿದರೂ ಅಪರಾಧ. "ನಮ್ಮಜ್ಜನಿಗೆ ಶಿಕಾರಿ ಲೈಸೆನ್ಸ್ ಇತ್ತಲ್ಲ" ಎನ್ನುತ್ತಾರೆ. ಇದ್ದಿರಬಹುದು. 1991ರ ತಿದ್ದುಪಡಿಯಲ್ಲಿ ಆ ಲೈಸೆನ್ಸ್ ಪದ್ಧತಿಯನ್ನೇ ತೆಗೆದುಹಾಕಿದರು. 2022ರ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮೇಲೆ ಅನುಸೂಚಿಗಳೂ ಬದಲಾಗಿವೆ, ದಂಡವೂ ಏರಿದೆ. ಹಳೆಯ ಪುಸ್ತಕ ನೋಡಿ ಸಲಹೆ ಕೊಡುವವರನ್ನು ನಂಬಬೇಡಿ.

ಜಾಗ ಲೆಕ್ಕಕ್ಕೆ ಬರುವುದು ಶಿಕ್ಷೆ ಹೆಚ್ಚಿಸುವಾಗ. ಎರಡನೇ ಅನುಸೂಚಿಯ ಕಾಡುಹಂದಿಯನ್ನು ಹೊಲದಲ್ಲಿ ಕೊಂದರೆ ಮೂರು ವರ್ಷದವರೆಗೆ ಜೈಲು, ಇಲ್ಲವೆ ಒಂದು ಲಕ್ಷದವರೆಗೆ ದಂಡ, ಇಲ್ಲವೆ ಎರಡೂ. ಅದೇ ಹಂದಿಯನ್ನು ಅಭಯಾರಣ್ಯ ಅಥವಾ ರಾಷ್ಟ್ರೀಯ ಉದ್ಯಾನದ ಗಡಿಯೊಳಗೆ ಕೊಂದರೆ ಕನಿಷ್ಠ ಮೂರು ವರ್ಷ, ಗರಿಷ್ಠ ಏಳು ವರ್ಷ, ಮೇಲೆ ಇಪ್ಪತ್ತೈದು ಸಾವಿರಕ್ಕೆ ಕಡಿಮೆಯಿಲ್ಲದ ದಂಡ. "ಗಡಿ ಕಲ್ಲು ಕಾಣಲಿಲ್ಲ, ಬೋರ್ಡು ಇರಲಿಲ್ಲ" ಎಂಬ ವಾದ ನಿಲ್ಲುವುದು ಕಷ್ಟ. ಸದ್ಭಾವನೆಯಿಂದ ತಪ್ಪು ತಿಳಿದೆ ಎನ್ನಬೇಕಾದರೆ ತಕ್ಕ ಎಚ್ಚರ ವಹಿಸಿದ್ದೆ ಎಂದು ತೋರಿಸಬೇಕು. ತಲೆಗೆ ಟಾರ್ಚು ಕಟ್ಟಿಕೊಂಡು ರಾತ್ರಿ ಕೋವಿ ಹಿಡಿದು ಹೊರಟವನು ಯಾವ ಎಚ್ಚರ ತೋರಿಸುತ್ತಾನೆ? ಗಡಿಯ ಹೊರಗಿದ್ದಿದ್ದರೂ ಅವನು ಮಾಡುತ್ತಿದ್ದುದು ಅಪರಾಧವೇ.

ಈಗ ಉರುಳಿನ ವಿಷಯ. ಇಲ್ಲಿ ಸ್ವಲ್ಪ ನಿಂತು ಓದಿ.

ಬೇಟೆ ಎಂದರೆ ಕೋವಿ, ನಾಯಿ, ಹಿಂಡು ಜನ ಎಂದು ನಾವು ಅಂದುಕೊಂಡಿದ್ದೇವೆ. ಕಾಯ್ದೆಯ ಪ್ರಕಾರ ಕೊಲ್ಲುವುದು, ವಿಷ ಇಡುವುದು, ಹಿಡಿಯುವುದು, ಉರುಳು ಅಥವಾ ಬೋನು ಒಡ್ಡುವುದು, ಸೋವುವುದು, ಎರೆ ಇಡುವುದು ಎಲ್ಲವೂ ಬೇಟೆಯೇ. ಅದರ ಪ್ರಯತ್ನವೂ ಬೇಟೆಯೇ. ಉರುಳಿಗೆ ಏನೂ ಬೀಳದಿದ್ದರೂ ಪ್ರಕರಣ ದಾಖಲಾಗಬಹುದು. ಹಣ್ಣಿನೊಳಗೆ ಸಿಡಿಮದ್ದು ಇಡುವವರೂ ಬೇಲಿಗೆ ನೇರ ಕರೆಂಟು ಕೊಡುವವರೂ ಇದರಿಂದ ತಪ್ಪಿಸಿಕೊಳ್ಳುವುದಿಲ್ಲ. ಆ ಕರೆಂಟಿಗೆ ಮನುಷ್ಯ ಸಿಕ್ಕರಂತೂ ಬೇರೆಯದೇ ಪ್ರಕರಣ. ಕೋವಿ ಹಿಡಿದವನು ಗುರಿ ಇಡುವ ಮುಂಚೆ ಪ್ರಾಣಿಯನ್ನು ನೋಡುತ್ತಾನೆ. ಉರುಳು ನೋಡುವುದಿಲ್ಲ. ನೀವು ಹಂದಿಗೆಂದು ಒಡ್ಡಿದ್ದಕ್ಕೆ ಚಿರತೆ ಬೀಳಬಹುದು, ಕರಡಿ ಬೀಳಬಹುದು, ಚಿಪ್ಪುಹಂದಿಯೋ ಉಡವೋ ಬೀಳಬಹುದು. ಇವೆಲ್ಲ ಒಂದನೇ ಅನುಸೂಚಿಯವು. ಆ ಕ್ಷಣಕ್ಕೆ ನಿಮ್ಮ ಮೂರು ವರ್ಷದ ಒಳಗಿನ ಪ್ರಕರಣ ಮೂರರಿಂದ ಏಳು ವರ್ಷದ್ದಾಗುತ್ತದೆ. "ಹಂದಿಗೆ ಹಾಕಿದ್ದು" ಎಂಬ ಮಾತು ಕಾಪಾಡುವುದಿಲ್ಲ, ಏಕೆಂದರೆ ಅನುಮತಿಯಿಲ್ಲದೆ ಹಂದಿಗೆ ಹಾಕಿದ್ದೂ ಅಪರಾಧವೇ. ಆ ಹುಡುಗನ ಅಣ್ಣ ಪದೇ ಪದೇ ಹೇಳಿದ್ದು ಆ ಮಾತನ್ನೇ.

ಕೋವಿಯ ಲೈಸೆನ್ಸ್ ಇದೆ ಎನ್ನುವವರಿಗೆ: ಅದು ಕೋವಿ ಇಟ್ಟುಕೊಳ್ಳಲು ಕೊಟ್ಟದ್ದು. ಬೆಳೆ ರಕ್ಷಣೆಗೆ ಎಂದು ಅದರಲ್ಲಿ ಬರೆದಿದ್ದರೂ ಅದರಿಂದ ಹಂದಿಗೆ ಗುಂಡು ಹಾರಿಸುವ ಅನುಮತಿ ಹುಟ್ಟುವುದಿಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ, 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿದಿದೆ. ಆ ವಿನಾಯಿತಿ ಶಸ್ತ್ರಾಸ್ತ್ರ ಕಾಯ್ದೆಯಿಂದ ಮಾತ್ರ, ವನ್ಯಜೀವಿ ಕಾಯ್ದೆಯಿಂದ ಅಲ್ಲ. ಇನ್ನೊಂದು ಸಂಗತಿ ಬಹಳ ಜನರಿಗೆ ತಿಳಿದಿಲ್ಲ. ಅಭಯಾರಣ್ಯದ ಹತ್ತು ಕಿಲೋಮೀಟರ್ ಒಳಗೆ ವಾಸಿಸುವವರು, ವಿನಾಯಿತಿ ಪಡೆದವರೂ ಸೇರಿ, ತಮ್ಮ ಆಯುಧದ ವಿಷಯದಲ್ಲಿ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕೆಂದು 34ನೇ ಕಲಮು ಹೇಳುತ್ತದೆ. ಪುಷ್ಪಗಿರಿ, ತಲಕಾವೇರಿ, ಬ್ರಹ್ಮಗಿರಿ ಅಭಯಾರಣ್ಯಗಳ ಸುತ್ತ ಎಷ್ಟು ಊರುಗಳಿವೆ ಎಂದು ಲೆಕ್ಕ ಹಾಕಿ. ಲಿಖಿತ ಅನುಮತಿಯಿಲ್ಲದೆ ಅಭಯಾರಣ್ಯದೊಳಗೆ ಆಯುಧ ಒಯ್ಯುವುದೂ ತಪ್ಪು, ಒಂದು ಗುಂಡೂ ಹಾರಿಸದಿದ್ದರೂ.

ಸಂಪ್ರದಾಯದ ಮಾತೂ ಬರುತ್ತದೆ. ಯುಗಾದಿ ಹೊತ್ತಿಗೆ ಮೊಲ ಹೊಡೆಯುವ ವಾಡಿಕೆ ಎಷ್ಟೋ ಊರುಗಳಲ್ಲಿದೆ. ಕಾಯ್ದೆ ಇದಕ್ಕೆ ಬಾಗಿಲು ತೆರೆದಿಲ್ಲ. ಆದಿವಾಸಿಗಳ ಹಕ್ಕಿಗೆಂದೇ ಬಂದ 2006ರ ಅರಣ್ಯ ಹಕ್ಕು ಕಾಯ್ದೆಯೂ ಸಾಂಪ್ರದಾಯಿಕ ಹಕ್ಕುಗಳನ್ನು ಕೊಡುವಾಗ ಬೇಟೆಯನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ವನ್ಯಜೀವಿ ಕಾಯ್ದೆ ಪರಂಪರೆಯ ಬೇಟೆಯನ್ನು ಹೆಸರಿಸಿ ಉಳಿಸಿರುವುದು ನಿಕೋಬಾರ್ ದ್ವೀಪಗಳ ಪರಿಶಿಷ್ಟ ಪಂಗಡದವರಿಗೆ. ಗಡಿ ತಾಲ್ಲೂಕುಗಳಲ್ಲಿ ಇನ್ನೊಂದು ಗೊಂದಲ: ಕೇರಳದಲ್ಲಿ 2022ರಿಂದ ಪಂಚಾಯ್ತಿ ಅಧ್ಯಕ್ಷರೇ ಹಂದಿ ಕೊಲ್ಲಲು ಆದೇಶ ಕೊಡುವ ವ್ಯವಸ್ಥೆ ಬಂತು. ಅದರ ವಿಡಿಯೊ ನೋಡಿ ನಮ್ಮಲ್ಲೂ ಹಾಗೇ ಎಂದುಕೊಳ್ಳಬೇಡಿ. ಗುಡ್ಡದ ಈ ಬದಿಗೆ ಅದು ಅನ್ವಯಿಸುವುದಿಲ್ಲ.

ಹಾಗಾದರೆ ಬೆಳೆ ತಿನ್ನುವ ಹಂದಿಗೆ ಏನು ಮಾಡಬೇಕು? 11ನೇ ಕಲಮಿನಲ್ಲಿ ದಾರಿ ಇದೆ. ಎರಡನೇ ಅನುಸೂಚಿಯ ಪ್ರಾಣಿ ನಿಂತ ಬೆಳೆಗೆ ಅಪಾಯ ತಂದಿದೆ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ, ಕಾರಣ ನಮೂದಿಸಿ, ಬರಹದಲ್ಲಿ, ಗೊತ್ತುಪಡಿಸಿದ ಪ್ರದೇಶಕ್ಕೆ ಅನುಮತಿ ಕೊಡಬಹುದು. ವಲಯ ಅರಣ್ಯಾಧಿಕಾರಿಯ ಕಚೇರಿಗೆ ಫೋಟೊ, ಪಹಣಿ ಸಮೇತ ಅರ್ಜಿ ಕೊಡಿ. ಬೆಳೆ ಹಾನಿಯ ಪರಿಹಾರದ ಅರ್ಜಿಯನ್ನೂ ಅದೇ ದಿನ ಕೊಡಿ. ಸ್ವೀಕೃತಿ ಕೇಳಿದರೆ "ಇಟ್ಟು ಹೋಗಿ" ಎನ್ನುತ್ತಾರೆ. ಇಟ್ಟು ಬರಬೇಡಿ. ಎರಡನೇ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ, ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ತಿರಸ್ಕರಿಸಿದರೆ ಹಿಂಬರಹ ಕೇಳಿ ಪಡೆಯಿರಿ. ತಿಂಗಳುಗಟ್ಟಲೆ ಉತ್ತರ ಕೊಡದೆ ಕೊನೆಗೆ ಒಬ್ಬ ಗಾರ್ಡ್ ಬಂದು "ಹೊಡ್ಕೊಳ್ಳಿ, ನಾವು ನೋಡಿಲ್ಲ" ಎಂದು ಹೋಗುವುದುಂಟು. ರೈತನನ್ನು ಬಲಿ ಕೊಡುವ ಮಾತು ಅದು. ನಾಳೆ ಸಾಕ್ಷಿ ಕಟ್ಟೆಯಲ್ಲಿ ಆ ಗಾರ್ಡ್ ಹಾಗೆ ಹೇಳಿದ್ದನ್ನು ಒಪ್ಪುವುದಿಲ್ಲ. ಆದೇಶ ಸಿಕ್ಕರೂ ಅದರಲ್ಲಿ ಯಾವ ಪ್ರಾಣಿ, ಯಾವ ಪ್ರದೇಶ, ಎಷ್ಟು ದಿನ, ಯಾರ ಹೆಸರು ಎಂದು ಓದಿಸಿ ಕೇಳಿ. ಪಕ್ಕದವರ ಜಮೀನಿಗೆ ದಾಟಿದರೆ ಆ ಕಾಗದ ನಿಮ್ಮನ್ನು ಕಾಯುವುದಿಲ್ಲ. ಸತ್ತ ಹಂದಿ ಸರ್ಕಾರದ ಸ್ವತ್ತು, ಅದರ ಮಾಂಸ ಹಂಚಿಕೊಂಡರೆ ಮತ್ತೊಂದು ಪ್ರಕರಣ.

ಪ್ರಾಣಿ ಮೈಮೇಲೆ ಎರಗಿ, ಜೀವ ಉಳಿಸಿಕೊಳ್ಳಲು ಕೊಂದರೆ ಅಪರಾಧವಲ್ಲ. ಆದರೆ ಬೇಟೆಗೆ ಹೋದಾಗ ಎರಗಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಹೊಲದಲ್ಲಿ ಪ್ರಾಣಿ ಸತ್ತಿರುವುದು ಕಂಡರೆ ಮುಟ್ಟಬೇಡಿ, ಹೂಳಬೇಡಿ. ಅರಣ್ಯ ಸಹಾಯವಾಣಿ 1926ಕ್ಕೆ ಕರೆ ಮಾಡಿ. ಸತ್ತ ಪ್ರಾಣಿಯೋ ಅದರ ಭಾಗವೋ ಕೈಗೆ ಬಂದವರು 48 ಗಂಟೆಯೊಳಗೆ ಹತ್ತಿರದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಬೇಕು. ಮಾಂಸವೋ ಚರ್ಮವೋ ನಿಮ್ಮ ವಶದಲ್ಲಿ ಸಿಕ್ಕರೆ, ಅಕ್ರಮವಲ್ಲ ಎಂದು ಸಾಬೀತು ಮಾಡುವ ಹೊರೆ ನಿಮ್ಮ ಮೇಲೆ ಬೀಳುತ್ತದೆ. ಆ ಅಣ್ಣತಮ್ಮಂದಿರು ಮಾಡಿದ ಎರಡನೇ ತಪ್ಪು ಚಿರತೆಯನ್ನು ಹೂತದ್ದು.

ಮೂರನೆಯದು ಸಹಿ. ಪೊಲೀಸರ ಮುಂದೆ ಕೊಟ್ಟ ತಪ್ಪೊಪ್ಪಿಗೆ ಸಾಕ್ಷ್ಯವಾಗುವುದಿಲ್ಲ ಎಂಬುದು ಈಗ ಬಹುಮಂದಿಗೆ ಗೊತ್ತು. ಅರಣ್ಯಾಧಿಕಾರಿ ಆ ಅರ್ಥದಲ್ಲಿ ಪೊಲೀಸ್ ಅಲ್ಲ. ಅವರ ಮುಂದೆ ಬರೆದುಕೊಟ್ಟದ್ದು ನಿಮ್ಮ ವಿರುದ್ಧವೇ ಬರಬಹುದು. ಖಾಲಿ ಹಾಳೆಗೆ ಸಹಿ ಹಾಕಬೇಡಿ. ಓದಿ ಹೇಳದ ಮಹಜರಿಗೆ ಹಾಕಬೇಡಿ. ನಿಮ್ಮ ವಿರುದ್ಧ ನೀವೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದೆಂದು ಸಂವಿಧಾನದ 20ನೇ ವಿಧಿ ಹೇಳುತ್ತದೆ. ಬಂಧಿಸಿದರೆ ಕಾರಣ ತಿಳಿಸಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೊಡೆದಿದ್ದರೆ ಅಲ್ಲೇ, ಅವರ ಮುಂದೆಯೇ ಹೇಳಿ. ಜೀಪೋ ಬೈಕೋ ಜಪ್ತಿಯಾದರೆ "ಅದು ಹೋಯಿತು ಬಿಡಿ" ಎಂದವರ ಮಾತು ಕೇಳಬೇಡಿ, ಮ್ಯಾಜಿಸ್ಟ್ರೇಟರು ಮಧ್ಯಂತರ ಬಿಡುಗಡೆ ಮಾಡಬಹುದೆಂದು 2008ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಕರ್ನಾಟಕ ಅರಣ್ಯ ಕಾಯ್ದೆಯ ಕಲಮುಗಳನ್ನೂ ಸೇರಿಸಿದ್ದರೆ ದಾರಿ ಬೇರೆಯಾಗಬಹುದು, ವಕೀಲರಿಗೆ ಪ್ರಕರಣದ ಪ್ರತಿ ತೋರಿಸಿ.

ಇನ್ನು ದಲ್ಲಾಳಿಗಳು. ಹಣ ಕಟ್ಟಿ ಪ್ರಕರಣ ರಾಜಿ ಮಾಡಿಕೊಳ್ಳಲು 54ನೇ ಕಲಮು ಅವಕಾಶ ಕೊಟ್ಟಿರುವುದು ನಿಜ. ಅಧಿಕಾರವುಳ್ಳ ಅಧಿಕಾರಿಗೆ ಕಟ್ಟಬೇಕು, ರಸೀದಿ ಪಡೆಯಬೇಕು. ಆದರೆ ಕನಿಷ್ಠ ಶಿಕ್ಷೆ ಗೊತ್ತುಮಾಡಿರುವ ಅಪರಾಧಕ್ಕೆ, ಅಂದರೆ ಚಿರತೆ, ಕಾಟಿ, ನವಿಲಿನಂಥ ಒಂದನೇ ಅನುಸೂಚಿಯ ಪ್ರಾಣಿಗೆ, ಅಭಯಾರಣ್ಯದೊಳಗಿನ ಬೇಟೆಗೆ, ಆ ಅವಕಾಶವೇ ಇಲ್ಲ. ರೇಂಜರ್ ಬಿಡಿ, ಯಾವ ಮೇಲಧಿಕಾರಿಯೂ ಮಾಡುವಂತಿಲ್ಲ. ಚಿರತೆ ಪ್ರಕರಣ "ಸೆಟ್ಲ್" ಮಾಡಿಸುತ್ತೇನೆ ಎಂದವನು ಸುಳ್ಳು ಹೇಳುತ್ತಿದ್ದಾನೆ. ಆ ಹುಡುಗನ ಮನೆಯವರು ಹಸು ಮಾರಿ ಅಂಥವನಿಗೆ ಅರವತ್ತು ಸಾವಿರ ಕೊಟ್ಟಿದ್ದರು.

ಬಂಧನದಲ್ಲಿರುವವರಿಗೆ ಆದಾಯ ಎಷ್ಟೇ ಇದ್ದರೂ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಪಡೆಯುವ ಹಕ್ಕಿದೆ. 15100ಕ್ಕೆ ಕರೆ ಮಾಡಬಹುದು, ಇಲ್ಲವೆ ನ್ಯಾಯಾಲಯದ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಬಹುದು. ದುಡ್ಡು ಎಲ್ಲಿ ಕೊಟ್ಟಿರಿ ಎಂದು ನಾನು ಹುಡುಗನನ್ನು ಕೇಳಿದೆ. ಕಿಟಕಿಯಿಂದ ಕೈ ತೋರಿಸಿದ. ಆ ಸಮಿತಿಯ ಕಚೇರಿಯ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತು ಎಣಿಸಿ ಕೊಟ್ಟಿದ್ದರಂತೆ.