ಶ್ರೀಗಂಧದ ಸಸಿ ನೆರೆಯ ಬೇರನ್ನು ಹಿಡಿಯುವ ಬಗೆ



ಚೆಂಬೂರಿನ ನಮ್ಮವರ ಅನೇಕ ಮನೆಗಳಲ್ಲಿ, ದೇವರ ಪೀಠದ ಬಳಿ, ಗಂಧದ ಕೊರಡೊಂದು ಇರುವುದುಂಟು. ಆದರೆ ಅದನ್ನು ನೀಡುವ ಮರವನ್ನು ನಿಮ್ಮಲ್ಲಿ ಕಂಡವರು ವಿರಳ. ಬಾಲ್ಯದಲ್ಲಿ, ಮಲೆನಾಡಿನ ನನ್ನ ಊರಿನಲ್ಲಿ, ನಾನೊಂದು ಗಂಧದ ಸಸಿಯನ್ನು ನೆಟ್ಟಿದ್ದೆನು. ಅದರ ಆಹಾರವನ್ನು ಅನ್ಯ ಗಿಡಗಳು ಕಸಿಯಬಾರದೆಂದು ಸುತ್ತಲಿನ ಹುಲ್ಲನ್ನೂ ಪೊದೆಗಳನ್ನೂ ಕಿತ್ತು ನೆಲವನ್ನು ಚೊಕ್ಕಟಗೊಳಿಸಿದೆನು; ನಿತ್ಯವೂ ನೀರೆರೆದೆನು. ಆದರೂ ಎಲೆಗಳು ಹಳದಿಗೊಂಡವು. ಎರಡನೆಯ ಬೇಸಿಗೆಯಲ್ಲಿ ಸಸಿ ಒಣಗಿಹೋಯಿತು. ನನ್ನ ತಪ್ಪೇನೆಂಬುದು ಬಹುಕಾಲದ ಮೇಲೆ ತಿಳಿಯಿತು.

ಶ್ರೀಗಂಧವು ಅರೆಪರಾವಲಂಬಿ ಸಸ್ಯ. ಈ ಸಂಗತಿಯನ್ನು 1871ರಲ್ಲಿ ಜಾನ್ ಸ್ಕಾಟ್ ಎಂಬ ಸಸ್ಯಶಾಸ್ತ್ರಜ್ಞರು ಗುರುತಿಸಿದರು. ಮೊಳೆತ ಸಸಿಯು ಮೊದಮೊದಲು ಬೀಜದೊಳಗಿನ ಆಹಾರದಿಂದಲೇ ಬೆಳೆಯುತ್ತದೆ. ಸುಮಾರು ಒಂದು ತಿಂಗಳಾಗುವಷ್ಟರಲ್ಲಿ ಅದರ ಎಳೆಬೇರುಗಳ ಮೇಲೆ ಸಣ್ಣ ಗುಬುಟುಗಳು ಮೂಡತೊಡಗುತ್ತವೆ. ಇವೇ ಹೀರುಬೇರುಗಳು. ಹೀರುಬೇರು ಗಂಟೆಯ ಆಕಾರದಲ್ಲಿ ಅಗಲಗೊಂಡು ನೆರೆಯ ಗಿಡದ ಬೇರನ್ನು ಅಪ್ಪಿಕೊಳ್ಳುತ್ತದೆ. ಅದರ ನಡುವಿನಿಂದ ಬೆಣೆಯಂತಹ ಭಾಗವೊಂದು ಹೊರಟು, ಕಿಣ್ವಗಳ ನೆರವಿನಿಂದ ತೊಗಟೆಯನ್ನು ಭೇದಿಸಿ, ಒಳಗಿನ ನೀರ್ಗೊಳವೆಗಳನ್ನು ಮುಟ್ಟುತ್ತದೆ. ಹೀಗೆ ನಂಟು ಬೆಸೆದೊಡನೆ, ಗಂಧದ ಎಲೆಗಳಿಂದ ನೀರು ಆವಿಯಾಗುವ ಸೆಳೆತಕ್ಕೆ, ನೆರೆಯ ಬೇರಿನಿಂದ ನೀರೂ ಸಾರಜನಕವೇ ಮೊದಲಾದ ಪೋಷಕಗಳೂ ಹರಿದುಬರುತ್ತವೆ. ಆದರೆ ಬಿಸಿಲಿನಲ್ಲಿ ಅಡುಗೆ ಮಾಡುವ ಕೆಲಸದ ಬಹುಪಾಲನ್ನು ಗಂಧದ ಹಸಿರೆಲೆಗಳೇ ಮಾಡುತ್ತವೆ. ಆದುದರಿಂದಲೇ ಅದು ‘ಅರೆ’ಪರಾವಲಂಬಿ.

ಪರಾವಲಂಬಿಗಳೆಲ್ಲವೂ ಒಂದೇ ಬಗೆಯವಲ್ಲ. ಉತ್ತರ ಕರ್ನಾಟಕದ ಜೋಳದ ಹೊಲಗಳಲ್ಲಿ ಸ್ಟ್ರೈಗಾ ಎಂಬ ಕಳೆಯುಂಟು. ಅದಕ್ಕೂ ಹಸಿರೆಲೆಗಳಿವೆ, ಆದರೆ ಅದರ ಬೀಜ ಧೂಳಿನ ಕಣದಷ್ಟು ಚಿಕ್ಕದು, ಒಳಗಿನ ಬುತ್ತಿ ಅತ್ಯಲ್ಪ. ಆದಕಾರಣ ಅದು ಮಣ್ಣಿನಲ್ಲಿ ವರ್ಷಗಟ್ಟಲೆ ಕಾದಿದ್ದು, ಸಮೀಪದ ಬೇರು ಸ್ರವಿಸುವ ರಾಸಾಯನಿಕದ ಸುಳಿವು ದೊರೆತಾಗ ಮಾತ್ರ ಮೊಳೆಯುತ್ತದೆ. ಕೆಲವೇ ದಿನಗಳಲ್ಲಿ ಬೇರನ್ನು ಹಿಡಿಯದಿದ್ದರೆ ಮೊಳಕೆ ಸಾಯುತ್ತದೆ. ಹಿಡಿದರೆ ಜೋಳದ ಪೈರು ಸೊರಗುತ್ತದೆ. ಇಂತಹ ಸುಳಿವಿನ ವಸ್ತುವೊಂದನ್ನು ವಿಜ್ಞಾನಿಗಳು 1966ರಲ್ಲಿ ಹತ್ತಿಯ ಬೇರಿನಿಂದ ಬೇರ್ಪಡಿಸಿ, ಅದಕ್ಕೆ ಸ್ಟ್ರೈಗಾಲ್ ಎಂದು ಹೆಸರಿಟ್ಟರು.

ಈ ತಿಳಿವಿನ ಫಲವನ್ನು ಇಂದು ಕರ್ನಾಟಕದ ಸಸ್ಯಪಾಲನಾಲಯಗಳಲ್ಲಿ ಕಾಣಬಹುದು. ಗಂಧದ ಸಸಿಯಿರುವ ಚೀಲದಲ್ಲಿಯೇ ತೊಗರಿಯ ಗಿಡವೊಂದನ್ನು ಬೆಳೆಸುವರು; ತೋಟಕ್ಕೆ ಸಾಗಿಸಿದ ಮೇಲೆ ಹೊಂಗೆ, ಗಾಳಿಮರ ಮುಂತಾದ ದೀರ್ಘಾಯುಗಳನ್ನು ಪಕ್ಕದಲ್ಲಿ ನೆಡುವರು.

ರಜೆಯಲ್ಲಿ ಊರಿಗೆ ಹೋದಾಗ ಗಂಧದ ಸಸಿಯೊಂದು ಕಂಡರೆ, ಅದರ ಬುಡವನ್ನು ಹಸನುಗೊಳಿಸುವ ಮುನ್ನ ಸುತ್ತ ಏನೇನು ಬೆಳೆದಿದೆಯೆಂದು ನೋಡಿರಿ. ಅಂದು ನಾನು ಶತ್ರುಗಳೆಂದು ಬಗೆದು ಕಿತ್ತೆಸೆದ ಪೊದೆಗಳೇ ನನ್ನ ಸಸಿಗೆ ಉಣಿಸಬೇಕಾಗಿದ್ದವು.