ಮುಚ್ಚಿದ ಬಾಗಿಲಿನೊಳಗೆ ಏಳು ದಿನ

“ನನಗೆ ಜ್ವರವಿಲ್ಲ, ಕೆಮ್ಮಿಲ್ಲ, ಮೈಯಲ್ಲಿ ಯಾವ ತೊಂದರೆಯೂ ಇಲ್ಲ. ಮತ್ತೆ ನನ್ನನ್ನೇಕೆ ಈ ಕೋಣೆಯಲ್ಲಿ ಕೂಡಿಹಾಕಿದ್ದಾರೆ?”

ಕೊರೋನಾ ಕಾಲದಲ್ಲಿ ಗಲ್ಫ್ ನಾಡುಗಳಿಂದ ಮರಳಿದ ನಮ್ಮ ಎಷ್ಟೋ ಸಹೋದರರ ಮನದಲ್ಲಿ ಎದ್ದ ಪ್ರಶ್ನೆ ಇದು. ವಿಮಾನಗಳು ನಿಂತು ಸುಮಾರು ಏಳು ವಾರ ಕಳೆದ ಮೇಲೆ, 2020ರ ಮೇ 12ರಂದು, ವಂದೇ ಭಾರತ್ ಯೋಜನೆಯ ಮೊದಲ ವಿಮಾನ ದುಬೈಯಿಂದ ಮಂಗಳೂರಿಗೆ ಬಂದಿಳಿಯಿತು. ಅದು ರಮಝಾನ್ ತಿಂಗಳು. ಬಂದವರು ನೇರವಾಗಿ ಮನೆಗೆ ಹೋಗುವಂತಿರಲಿಲ್ಲ. ಹೋಟೆಲಿನ ಕೋಣೆಯಲ್ಲೋ ಹಾಸ್ಟೆಲಿನಲ್ಲೋ ಕ್ವಾರಂಟೈನ್‌ನಲ್ಲಿರಬೇಕಾಗಿತ್ತು. ಆರಂಭದಲ್ಲಿ ಹದಿನಾಲ್ಕು ದಿನ. ಮೇ 24ರ ಕೇಂದ್ರ ಸರಕಾರದ ಸೂಚನೆಯ ಬಳಿಕ ಸ್ವಂತ ಖರ್ಚಿನಲ್ಲಿ ಹೊರಗೆ ಏಳು ದಿನ, ಅನಂತರ ಮನೆಯಲ್ಲಿ ಏಳು ದಿನ. ಮೂಡಿಗೆರೆಯವನಿಗೂ ಕಳಸದವನಿಗೂ ಘಟ್ಟ ಹತ್ತಿದರೆ ಮನೆ. ಕೆಲವೇ ಗಂಟೆಗಳ ದಾರಿ. ಆದರೆ ಆ ದಾರಿ ಏಳು ದಿನ ದೂರವಾಯಿತು.

ಮೇಲಿನ ಪ್ರಶ್ನೆಗೆ ವೈದ್ಯಶಾಸ್ತ್ರದ ಉತ್ತರ ಸರಳವಾಗಿದೆ. ಈ ರೋಗಾಣು ದೇಹವನ್ನು ಹೊಕ್ಕ ಬಳಿಕ ಲಕ್ಷಣಗಳು ಕಾಣಿಸಿಕೊಳ್ಳಲು ಎರಡರಿಂದ ಹದಿನಾಲ್ಕು ದಿನ ಬೇಕಾಗಬಹುದು. ಹೆಚ್ಚಿನವರಿಗೆ ಐದಾರು ದಿನಗಳಲ್ಲಿ ಕಾಣಿಸುತ್ತದೆ. ಆದರೆ ಜ್ವರ ಬರುವುದಕ್ಕೆ ಒಂದೆರಡು ದಿನ ಮುಂಚೆಯೇ ಅದು ಇನ್ನೊಬ್ಬರಿಗೆ ಹರಡತೊಡಗುತ್ತದೆ. ಅಂದರೆ ತಾನು ಆರೋಗ್ಯವಂತನೆಂದು ನಂಬಿರುವಾಗಲೇ ಮನುಷ್ಯನು ತನ್ನ ಮಕ್ಕಳಿಗೆ ಮುತ್ತಿಡುವ ಮೂಲಕ ರೋಗವನ್ನು ದಾಟಿಸಬಲ್ಲನು. 2020ರ ಮೇ ಮಧ್ಯದವರೆಗೆ ಚಿಕ್ಕಮಗಳೂರು ಜಿಲ್ಲೆಯಲ್ಲಿ ಒಂದು ಪ್ರಕರಣವೂ ವರದಿಯಾಗಿರಲಿಲ್ಲ. ಕಾಫಿ ತೋಟದ ಲೈನು ಮನೆಗಳನ್ನು ಬಲ್ಲವರು ಯೋಚಿಸಲಿ. ಒಂದು ಅಡುಗೆಕೋಣೆ, ಒಂದು ಮಲಗುವ ಕೋಣೆ, ಸಾಲಿಗೆಲ್ಲ ಸೇರಿ ನೀರಿನ ಒಂದೇ ನಲ್ಲಿ. ಅಲ್ಲಿ ಮುದಿ ತಂದೆತಾಯಿಯಿಂದ ಪ್ರತ್ಯೇಕವಾಗಿರುವುದು ಎಲ್ಲಿ? ದೊಡ್ಡಾಸ್ಪತ್ರೆಗೆ ಹೋಗಬೇಕಾದರೆ ಮಳೆಗಾಲದಲ್ಲಿ ಘಟ್ಟವಿಳಿಯಬೇಕು. ಮಂಗಳೂರಿನ ಆ ಕೋಣೆ ಮಗನಿಗೆ ಸೆರೆಯಂತೆ ಕಂಡಿರಬಹುದು. ಲೈನಿನಲ್ಲಿದ್ದ ಉಮ್ಮನಿಗೆ ಅದು ಕಾವಲಾಗಿತ್ತು.

ಇನ್ನು ಧರ್ಮದ ಉತ್ತರ. ಒಂದು ಊರಿನಲ್ಲಿ ಪ್ಲೇಗ್ ಹಬ್ಬಿದೆಯೆಂದು ಕೇಳಿದರೆ ಅಲ್ಲಿಗೆ ಹೋಗಬಾರದು, ತಾನಿರುವ ಊರಿನಲ್ಲೇ ಅದು ಹಬ್ಬಿದರೆ ಅದರಿಂದ ತಪ್ಪಿಸಿಕೊಳ್ಳಲೆಂದು ಅಲ್ಲಿಂದ ಓಡಬಾರದು ಎಂದು ಪ್ರವಾದಿ(ಸ) ಕಲಿಸಿರುವುದನ್ನು ಬುಖಾರಿ, ಮುಸ್ಲಿಮ್ ಎರಡೂ ಗ್ರಂಥಗಳು ವರದಿ ಮಾಡಿವೆ. ಹಝ್ರತ್ ಉಮರ್(ರ) ಶಾಮ್ ನಾಡಿಗೆ ಹೊರಟು ಸರ್ಗ್ ಎಂಬಲ್ಲಿಗೆ ತಲುಪಿದಾಗ ಮುಂದೆ ಪ್ಲೇಗ್ ಇದೆಯೆಂಬ ಸುದ್ದಿ ಬಂತು. ಅವರು ಮುಹಾಜಿರರನ್ನು ಕೇಳಿದರು, ಅನ್ಸಾರರನ್ನು ಕೇಳಿದರು. ಅಭಿಪ್ರಾಯಗಳು ಒಡೆದವು. ಕೊನೆಗೆ ಕುರೈಶರ ಹಿರಿಯರನ್ನು ಕೇಳಿ ಮರಳಲು ನಿರ್ಧರಿಸಿದರು. ಅಲ್ಲಾಹನ ವಿಧಿಯಿಂದ ಓಡುವುದೇ ಎಂದು ಹಝ್ರತ್ ಅಬೂಉಬೈದಾ(ರ) ಆಕ್ಷೇಪಿಸಿದಾಗ, ತಾವು ಅಲ್ಲಾಹನ ಒಂದು ವಿಧಿಯಿಂದ ಅವನದೇ ಇನ್ನೊಂದು ವಿಧಿಯೆಡೆಗೆ ಹೋಗುತ್ತಿರುವುದಾಗಿ ಖಲೀಫರು ಉತ್ತರಿಸಿದರು. ಒಂದು ಮಗ್ಗುಲಲ್ಲಿ ಹುಲ್ಲು ತುಂಬಿ, ಇನ್ನೊಂದು ಮಗ್ಗುಲು ಬರಡಾಗಿರುವ ಕಣಿವೆಯಲ್ಲಿ ಒಂಟೆಗಳನ್ನು ಎಲ್ಲಿ ಮೇಯಿಸಿದರೂ ಅದು ಅಲ್ಲಾಹನ ವಿಧಿಯೇ ಅಲ್ಲವೇ ಎಂದು ಕೇಳಿದರು. ಆ ಮೇಲೆ ಬಂದ ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮೇಲಿನ ಪ್ರವಾದಿ ವಚನವನ್ನು ತಿಳಿಸಿದರು. ಮುಂದೆ ಅಮವಾಸ್‌ನ ಪ್ಲೇಗ್‌ನಲ್ಲಿ ಅಬೂಉಬೈದಾ(ರ) ತಮ್ಮ ಜನರ ನಡುವೆಯೇ ನಿಧನರಾದರು ಎಂಬುದನ್ನೂ ನೆನೆಯಬೇಕು. ಒಬ್ಬರು ಒಳಗೆ ಹೋಗಲಿಲ್ಲ, ಇನ್ನೊಬ್ಬರು ಹೊರಗೆ ಬರಲಿಲ್ಲ. ಇಬ್ಬರದೂ ತವಕ್ಕುಲ್‌ಗೆ ವಿರುದ್ಧವಾಗಿರಲಿಲ್ಲ.

ಕೊರೋನಾ ಆ ವಚನದಲ್ಲಿ ಹೇಳಲಾದ ತಾಊನ್ ಹೌದೋ ಅಲ್ಲವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಚರ್ಚೆಯಿದೆ. ಆದರೆ ರೋಗವಿರುವ ಒಂಟೆಗಳನ್ನು ಆರೋಗ್ಯವಂತ ಒಂಟೆಗಳ ಬಳಿಗೆ ತರಬಾರದೆಂಬ ಪ್ರವಾದಿ(ಸ)ರ ಆಜ್ಞೆಗೆ ಆ ಚರ್ಚೆ ಬೇಕಾಗಿಲ್ಲ. ಒಂಟೆಗಳ ವಿಷಯದಲ್ಲೇ ಹೀಗಾದರೆ ಉಮ್ಮನ ವಿಷಯದಲ್ಲಿ ಹೇಗೆ?

ಇಲ್ಲಿ ಒಂದು ಮಾತನ್ನು ಮುಚ್ಚಿಡದೆ ಹೇಳಬೇಕಾಗಿದೆ. ವಿಮಾನ ಹತ್ತುವ ಮುನ್ನ ಜ್ವರದ ಮಾತ್ರೆ ನುಂಗಿ ಥರ್ಮಲ್ ಸ್ಕ್ಯಾನರನ್ನು ದಾಟಿದವರು, ಘೋಷಣಾ ಪತ್ರದಲ್ಲಿ ಸುಳ್ಳು ಬರೆದವರು, ರಾತ್ರಿ ಕೋಣೆಯಿಂದ ಹೊರಬಿದ್ದವರು ಎಲ್ಲ ಸಮುದಾಯಗಳಲ್ಲೂ ಇದ್ದರು. ನಮ್ಮಲ್ಲಿಯೂ ಇದ್ದರು. “ಅಲ್ಲಾಹನು ಕಾಪಾಡುತ್ತಾನೆ” ಎಂದು ಅದಕ್ಕೆ ತವಕ್ಕುಲ್‌ನ ಹೊದಿಕೆ ಹಾಕಿದರು. ಸುಳ್ಳು ಸಹಿ ಸುಳ್ಳು ಸಾಕ್ಷ್ಯವಲ್ಲದೆ ಮತ್ತೇನು? ಮನೆಯಲ್ಲಿ ಕ್ವಾರಂಟೈನ್‌ನಲ್ಲಿದ್ದವರು ಬೆಳಿಗ್ಗೆಯಿಂದ ರಾತ್ರಿಯವರೆಗೆ ಗಂಟೆಗೊಮ್ಮೆ ತಮ್ಮ ಸೆಲ್ಫಿಯನ್ನು ಆ್ಯಪ್‌ನಲ್ಲಿ ಕಳಿಸಬೇಕೆಂದು ಕರ್ನಾಟಕ ಸರಕಾರ 2020ರ ಮಾರ್ಚ್ ಕೊನೆಯಲ್ಲಿ ಆದೇಶಿಸಿತ್ತು. ನೆಟ್‌ವರ್ಕ್ ಸಿಗದ ತೋಟಗಳಲ್ಲಿ ಆ ಆ್ಯಪ್ ಯಾರನ್ನು ಕಾಯುತ್ತದೆ? ಸೆಲ್ಫಿ ಕಳಿಸಿ, ಮುಂದಿನ ಗಂಟೆಯೊಳಗೆ ಅಂಗಡಿಗೆ ಹೋಗಿ ಬರಲು ಯಾರಿಗೂ ಸಾಧ್ಯವಿತ್ತು. ಉಪವಾಸ ಹಿಡಿದವನು ಬಾಗಿಲು ಮುಚ್ಚಿದ ಬಚ್ಚಲಿನಲ್ಲಿಯೂ ಒಂದು ಗುಟುಕು ನೀರು ಕುಡಿಯುವುದಿಲ್ಲ. ಆ ಕಾವಲು ಕ್ವಾರಂಟೈನ್ ಕೋಣೆಗೆ ಮಾತ್ರ ಏಕೆ ಬರಬಾರದು?

ಆ ಕೋಣೆಯೊಳಗಿನ ಆರಾಧನೆಯ ಬಗ್ಗೆ ಹಲವರು ಗೊಂದಲಕ್ಕೊಳಗಾಗಿದ್ದರು. ನಮ್ಮ ಮಲೆನಾಡಿನಲ್ಲಿ ಹನಫೀಗಳೂ ಇದ್ದಾರೆ, ಘಟ್ಟದ ಕೆಳಗಿನಿಂದ ಬಂದ ಶಾಫಿಈಗಳೂ ಇದ್ದಾರೆ; ಆದ್ದರಿಂದ ಒಂದೇ ಹೋಟೆಲಿನ ಅಕ್ಕಪಕ್ಕದ ಎರಡು ಕೋಣೆಗಳಲ್ಲಿ ಉತ್ತರ ಬೇರೆಯಾಗುತ್ತದೆ. ಹನಫೀ ಅಭಿಪ್ರಾಯದಂತೆ ಒಂದು ಊರಿನಲ್ಲಿ ಹದಿನೈದು ದಿನಕ್ಕಿಂತ ಕಡಿಮೆ ತಂಗುವ ಉದ್ದೇಶವಿದ್ದರೆ ಅವನು ಪ್ರಯಾಣಿಕನೇ. ಆದ್ದರಿಂದ ಏಳು ದಿನಗಳ ಕ್ವಾರಂಟೈನ್‌ನಲ್ಲಿ ನಾಲ್ಕು ರಕಅತ್‌ಗಳ ಫರ್ಝ್ ನಮಾಝನ್ನು ಎರಡಾಗಿ ನಿರ್ವಹಿಸಬೇಕು. ಶಾಫಿಈ ಅಭಿಪ್ರಾಯದಂತೆ ಬಂದ ದಿನ ಮತ್ತು ಹೊರಡುವ ದಿನವನ್ನು ಬಿಟ್ಟು ನಾಲ್ಕು ದಿನ ತಂಗುವುದು ಖಚಿತವಾಗಿದ್ದರೆ ಪೂರ್ಣವಾಗಿ ನಿರ್ವಹಿಸಬೇಕು. ಜುಮಾಕ್ಕೆ ಹೋಗಲಾಗದವನು ಝುಹರ್ ನಮಾಝ್ ಮಾಡಿದರಾಯಿತು. ಹೇಗೂ ಆಗ 2020ರ ಜೂನ್ 8ರವರೆಗೆ ಮಸೀದಿಗಳೇ ಮುಚ್ಚಿದ್ದವು. ಮಂಗಳೂರಿನಿಂದ ಕಿಬ್ಲಾ ಪಶ್ಚಿಮದಿಂದ ತುಸು ಉತ್ತರಕ್ಕಿದೆ. ಕಿಟಕಿಯಿಂದ ಮುಳುಗುವ ಸೂರ್ಯ ಕಂಡರೆ ಅಂದಾಜು ಕಷ್ಟವೇನಲ್ಲ.

ಇಂತಹ ತಡೆ ನಮ್ಮ ಕಾಲದ್ದು ಮಾತ್ರವೆಂದು ತಿಳಿಯಬೇಡಿ. ಬಾಬಾ ಬುಡನ್‌ರವರು ಹಜ್ಜ್‌ನಿಂದ ಮರಳುವಾಗ ಏಳು ಕಾಫಿ ಬೀಜಗಳನ್ನು ತಂದರೆಂದು ನಮ್ಮ ಗಿರಿಗಳಲ್ಲಿ ಹೇಳುವ ಆ ಯಮನ್ ಕರಾವಳಿಯ ಎದುರಿಗೇ ಕಮರಾನ್ ಎಂಬ ದ್ವೀಪವಿದೆ. 1865ರ ಹಜ್ಜ್ ಕಾಲದ ಕಾಲರಾದಲ್ಲಿ ಸಾವಿರಾರು ಮಂದಿ ಸತ್ತ ಬಳಿಕ ರಾಷ್ಟ್ರಗಳು ಎಚ್ಚೆತ್ತವು. 1880ರ ದಶಕದಲ್ಲಿ ಉಸ್ಮಾನೀ ಸರಕಾರ ಆ ದ್ವೀಪದಲ್ಲಿ ಕ್ವಾರಂಟೈನ್ ಠಾಣೆ ತೆರೆಯಿತು. ಬೊಂಬಾಯಿಯಿಂದ ಹಡಗಿನಲ್ಲಿ ಹೊರಟ ಭಾರತದ ಹಾಜಿಗಳು ಮೊದಲು ಆ ಸುಡು ಮರಳಿನಲ್ಲಿ ದಿನಗಳನ್ನು ಕಳೆದು ಆಮೇಲೆ ಜಿದ್ದಾಕ್ಕೆ ಹೋಗುತ್ತಿದ್ದರು. ನಮ್ಮ ಕಾಲದ ಕೋಣೆಯಲ್ಲಿ ಫ್ಯಾನ್ ಇತ್ತು, ಫೋನ್ ಇತ್ತು.

ಆದರೂ 2021ರಲ್ಲಿ ಸೌದಿಗೆ ಹೊರಟವರು ಪಟ್ಟ ಪಾಡು ಸಣ್ಣದಲ್ಲ. ಭಾರತದಿಂದ ನೇರ ಪ್ರವೇಶವಿಲ್ಲದ್ದರಿಂದ ಮೂರನೆಯ ದೇಶವೊಂದರಲ್ಲಿ ಹದಿನಾಲ್ಕು ದಿನ ಕಳೆದು ಹೋಗಬೇಕಾಗಿತ್ತು. ಹೀಗೆ ಬಹಳ ಮಂದಿ ಕಾಠ್ಮಂಡುವಿನ ಹಾದಿ ಹಿಡಿದರು. ಏಪ್ರಿಲ್ ಕೊನೆಯಲ್ಲಿ ನೇಪಾಳ ಆ ಬಾಗಿಲನ್ನೂ ಮುಚ್ಚಿತು. ಮೇ 20ರಿಂದ ಸೌದಿಯೂ ಲಸಿಕೆ ಪಡೆಯದ ವಿದೇಶೀಯರಿಗೆ ಸ್ವಂತ ಖರ್ಚಿನ ಏಳು ದಿನಗಳ ಹೋಟೆಲ್ ವಾಸವನ್ನು ಕಡ್ಡಾಯ ಮಾಡಿತು. ಹೆಂಡತಿಯ ಬಳೆ ಅಡವಿಟ್ಟು ಟಿಕೆಟ್ ಮಾಡಿದವನು ಎರಡೆರಡು ಹೋಟೆಲ್ ಬಿಲ್ ಕಟ್ಟುವುದೆಲ್ಲಿಂದ? ಊರಿನಲ್ಲಿ ಎರಡೆಕರೆ ತೋಟವಿದ್ದರೂ ದಾರಿಯಲ್ಲಿ ಕೈ ಬರಿದಾದ ಪ್ರಯಾಣಿಕನು ಝಕಾತ್‌ಗೆ ಅರ್ಹನೆಂದು ಕುರ್‌ಆನ್ ಎಣಿಸಿದ ಎಂಟು ವರ್ಗಗಳಿಂದ ತಿಳಿಯುತ್ತದೆ. ನಮ್ಮ ಎಷ್ಟು ಜಮಾಅತ್‌ಗಳಿಗೆ ಆಗ ಅದು ನೆನಪಾಯಿತು? ರಮಝಾನ್‌ನಲ್ಲಿ ಬಾಗಿಲಿಗೆ ಬಂದವರಿಗೆ ನೋಟು ಹಂಚುವುದಕ್ಕೇ ನಮ್ಮ ಝಕಾತ್ ಮುಗಿದುಹೋಗುತ್ತದೆ.

ಇನ್ನು ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ. ವಾಚಕರೇ, ನೀವೇ ಆ ಕೋಣೆಯಲ್ಲಿದ್ದೀರೆಂದು ಭಾವಿಸಿಕೊಳ್ಳಿ. 2020ರ ಜೂನ್. ಮೂರನೆಯ ದಿನದ ಸುಬ್‌ಹ್ ಹೊತ್ತಿಗೆ ಕಳಸದಿಂದ ಅಣ್ಣನ ಫೋನು: “ಉಮ್ಮ ಹೋದರು. ಹೇಗಾದರೂ ಮಾಡಿ ಬಾ, ಮುಖ ನೋಡಿ ಹೋಗುವೆಯಂತೆ.” ಮೂರು ವರ್ಷದಿಂದ ನೋಡದ ಮುಖ ಅದು. ಏನು ಮಾಡುವಿರಿ?

ಮೊದಲು ಕೇಳಬೇಕು. ಮನೆಯಲ್ಲಿ ಸಾವು, ಗಂಭೀರ ಕಾಯಿಲೆ, ಗರ್ಭಿಣಿಯರು, ಹತ್ತು ವರ್ಷದೊಳಗಿನ ಮಕ್ಕಳೊಂದಿಗೆ ಬಂದ ತಂದೆತಾಯಿ, ಇಂಥವರಿಗೆ ಮನೆಯಲ್ಲೇ ಹದಿನಾಲ್ಕು ದಿನ ಇರಲು ಬಿಡಬಹುದೆಂದು ಮೇ 24ರ ಸೂಚನೆಯಲ್ಲೇ ಇತ್ತು. ರಿಯಾಯಿತಿ ಇರುವಲ್ಲಿ ಅದನ್ನು ಪಡೆಯುವುದು ದೌರ್ಬಲ್ಯವಲ್ಲ. ಪ್ರಯಾಣಿಕನಿಗೆ ನಮಾಝನ್ನು ಮೊಟಕುಗೊಳಿಸಿದ ಧರ್ಮ ನಮ್ಮದು. ಆದರೆ ಆ ರಿಯಾಯಿತಿ ಮನೆಗೆ ಬರಲು ಮಾತ್ರ, ಜನರ ನಡುವೆ ನುಗ್ಗಲು ಅಲ್ಲ. ಮಯ್ಯತ್‌ಗೆ ಇಪ್ಪತ್ತು ಜನರ ಮಿತಿಯಿದ್ದ ಕಾಲವದು. ದೂರ ನಿಂತು ಕಣ್ಣೀರು ಹಾಕಬಹುದು. ಅಣ್ಣನ ಹೆಗಲಿಗೆ ಒರಗುವಂತಿಲ್ಲ.

ಅನುಮತಿ ಸಿಗದಿದ್ದರೆ? ಆಗ ಅಲ್ಲಿಯೇ ಇರಬೇಕು. ದೂರದ ಅಬಿಸೀನಿಯಾದಲ್ಲಿ ನಿಧನ ಹೊಂದಿದ ನಜ್ಜಾಶಿ ದೊರೆಗಾಗಿ ಪ್ರವಾದಿ(ಸ) ಮದೀನಾದಲ್ಲಿ ಜನಾಝಾ ನಮಾಝ್ ನಿರ್ವಹಿಸಿದ್ದರು. ಅದರ ಆಧಾರದಲ್ಲಿ ಶಾಫಿಈ ಮಗನು ತನ್ನ ಕೋಣೆಯಲ್ಲೇ ಉಮ್ಮನಿಗಾಗಿ ಗಾಯಿಬ್ ನಮಾಝ್ ಮಾಡಬಹುದು. ಹನಫೀಗಳಲ್ಲಿ ಅದಿಲ್ಲ, ಆದರೆ ದುಆಗೆ, ಅವಳ ಹೆಸರಿನಲ್ಲಿ ದಾನಕ್ಕೆ, ಬಿಡುಗಡೆಯಾದ ಮೇಲೆ ಖಬರಿನ ಬಳಿ ನಿಂತು ಕ್ಷಮೆ ಬೇಡುವುದಕ್ಕೆ ಯಾವ ಮದ್ಹಬಿನಲ್ಲೂ ಅಡ್ಡಿಯಿಲ್ಲ. ಪ್ಲೇಗ್ ಬಂದ ಊರಿನಲ್ಲಿ, ಅಲ್ಲಾಹನು ಬರೆದಿಟ್ಟದ್ದಲ್ಲದೆ ಬೇರೇನೂ ತಟ್ಟದೆಂಬ ನಂಬಿಕೆಯಿಂದ, ಪ್ರತಿಫಲವನ್ನು ಬಯಸಿ ಸಹನೆಯೊಂದಿಗೆ ಉಳಿದವನಿಗೆ ಹುತಾತ್ಮನಂತಹ ಪ್ರತಿಫಲವಿದೆಯೆಂದು ಹಝ್ರತ್ ಆಇಶಾ(ರ) ವರದಿ ಮಾಡಿದ್ದಾರೆ. ಅವನು ಆ ರೋಗದಿಂದ ಸಾಯದಿದ್ದರೂ ಈ ಪ್ರತಿಫಲ ಉಂಟೆಂದು ಇಬ್ನು ಹಜರ್ ಅಸ್ಕಲಾನಿ ವಿವರಿಸಿದ್ದಾರೆ. ಪ್ಲೇಗ್ ಬಗ್ಗೆ ಗ್ರಂಥ ಬರೆದ ಆ ವಿದ್ವಾಂಸರು ತಮ್ಮ ಹೆಣ್ಣುಮಕ್ಕಳನ್ನು ಆ ರೋಗದಲ್ಲೇ ಕಳೆದುಕೊಂಡವರು. ಇದು ಪುಸ್ತಕದ ಮಾತು ಮಾತ್ರವಲ್ಲವೆಂದು ಅದರಿಂದ ಅರಿಯಬಹುದು.

ಊರಿನವರಿಗೂ ಒಂದು ಮಾತಿದೆ. ಆ ವರ್ಷ ನಮ್ಮ ಸಮುದಾಯವನ್ನೇ ರೋಗದ ಮೂಲವೆಂಬಂತೆ ನೋಡಿದ ಕಣ್ಣುಗಳ ನೋವನ್ನು ನಾವು ಉಂಡಿದ್ದೇವೆ. ಆದರೂ ಕೈಗೆ ಕ್ವಾರಂಟೈನ್ ಮುದ್ರೆ ಬಿದ್ದವನು ಗಲ್ಲಿಗೆ ಬಂದಾಗ ನಾವೇ ಕಿಟಕಿ ಮುಚ್ಚಿದೆವು, ಅವನ ಮನೆಗೆ ಹಾಲು ಕೊಡುವವನನ್ನು ತಡೆದೆವು. ರೋಗದಿಂದ ದೂರವಿರುವುದು ಬೇರೆ, ರೋಗಿಯನ್ನು ದೂರ ಮಾಡುವುದು ಬೇರೆ. ಅಂಥ ಮನೆಗೆ ಬೇಕಾದದ್ದು ಹೆಚ್ಚೇನಿಲ್ಲ. ಮಳೆ ಹಿಡಿಯುವ ಮುನ್ನ ಒಂದು ಹೊರೆ ಒಣ ಸೌದೆ, ಅಂಗಡಿಯಿಂದ ಅಕ್ಕಿ, ಬಾಪಾನ ಬಿಪಿ ಮಾತ್ರೆ. ಗೇಟಿನ ಕಲ್ಲಿನ ಮೇಲೆ ಇಟ್ಟು, ನಾಲ್ಕು ಹೆಜ್ಜೆ ಹಿಂದೆ ಸರಿದು, ಸಲಾಮ್ ಹೇಳಿ, ಒಳಗಿನಿಂದ ಉತ್ತರ ಬರುವವರೆಗೆ ನಿಲ್ಲಬೇಕು.