ಸೀಗಿ ಹುಣ್ಣಿಮೆಯಿಂದ ಎಳ್ಳ ಅಮಾವಾಸ್ಯೆಯವರೆಗೆ

ಚಿ. ಪುಟ್ಟಿಗೆ, ಧಾರವಾಡದಿಂದ.

ಹುಬ್ಬಳ್ಳಿಯ ಬಾಡಿಗೆ ಮನೆಗೆ ಹಿತ್ತಲ ಇದೆ, ಅದರಲ್ಲಿ ಮೊದಲು ಏನು ಹಚ್ಚಲಿ ಅಂತ ಕೇಳಿದ್ದಿ. ಗುಲಾಬಿ, ಕರಿಬೇವು, ಮಲ್ಲಿಗೆ ಎಲ್ಲ ಆಮೇಲೆ. ಮೊದಲು ಮೂಲಂಗಿ ಊರು. ಜನತಾ ಬಜಾರಿನಲ್ಲಿ ಮೂಲಂಗಿಗೇನೂ ಬರವಿಲ್ಲ, ನಾನು ಹೇಳುವುದು ದುಡ್ಡು ಉಳಿಸಲಿಕ್ಕಲ್ಲ. ಎರಡು ತಿಂಗಳೊಳಗೆ ನಿನ್ನ ಹಿತ್ತಲ ನೆಲ ಎಂಥದು ಎಂಬುದನ್ನು ಮೂಲಂಗಿಯಷ್ಟು ಬಿಚ್ಚಿ ಹೇಳುವ ಬೆಳೆ ಬೇರೊಂದಿಲ್ಲ. ಬದನಿ, ಟೊಮೆಟೊ ಮೇಲೆ ಕಾಯಿ ಬಿಡುತ್ತವೆ, ಕೆಳಗಿನ ಕಷ್ಟವನ್ನು ತೋರಗೊಡುವುದಿಲ್ಲ. ಮೂಲಂಗಿಯಲ್ಲಿ ನಾವು ತಿನ್ನುವುದೇ ಬೇರು. ನೆಲದೊಳಗೆ ಎಲ್ಲಿ ತೊಡಕಾಯಿತೋ ಅಲ್ಲಿ ಅದರ ಮೈಮೇಲೆ ಗುರುತು ಉಳಿದಿರುತ್ತದೆ.

ನೀನು ಆಡಿ ಬೆಳೆದದ್ದು ನಮ್ಮ ಮಾಳಮಡ್ಡಿಯ ಕೆಂಪು ಮಣ್ಣಿನಲ್ಲಿ. ಚಿಗರಿ ಬಸ್ಸು ಹತ್ತಿದರೆ ಹುಬ್ಬಳ್ಳಿ ದೂರವೇನಲ್ಲ, ಹೆಚ್ಚುಕಡಿಮೆ 20 ಕಿಲೋಮೀಟರ್. ಆದರೆ ನಮ್ಮ ಜಿಲ್ಲೆ ಮಲೆನಾಡಿನ ಸೆರಗಿಗೂ ಬಯಲುಸೀಮೆಗೂ ನಡುವೆ ಕೂತಿದೆ. ಜಿಲ್ಲೆಯ ಪಶ್ಚಿಮಕ್ಕೆ, ಕಲಘಟಗಿ ಕಡೆಗೆ ಕೆಂಪು ಮಸಾರಿ. ಪೂರ್ವಕ್ಕೆ ನವಲಗುಂದ, ಅಣ್ಣಿಗೇರಿಯತ್ತ ಹೋದಂತೆ ಕಪ್ಪು ಎರಿ. ಇಲ್ಲಿಯ ಕಲ್ಲಿಗೆ ಭೂವಿಜ್ಞಾನಿಗಳು ನಮ್ಮೂರ ಹೆಸರನ್ನೇ ಇಟ್ಟಿದ್ದಾರೆ. ಧಾರವಾಡ ಶಿಲೆಗಳು ಅಂದರೆ 250 ಕೋಟಿ ವರ್ಷಕ್ಕೂ ಹಳೆಯವು. ಅಷ್ಟು ಹಳೆಯ ಬಂಡೆ ಸವೆದು ಆದ ನೆಲದ ಮೇಲೆ ಮನೆ ಮಾಡಿದ್ದೇವೆ ಎಂದು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ನಿನ್ನ ಹಿತ್ತಲ ಮಣ್ಣು ಮಳೆಯಾದರೆ ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬೆರಳು ಹೋಗುವಷ್ಟು ಬಿರಿಯುತ್ತದೆ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅದು ಎರಿಮಣ್ಣೇ. ಅದರ ನುಣುಪಾದ ಜೇಡಿ ಕಣಗಳು ನೀರು ಕುಡಿದು ಉಬ್ಬುತ್ತವೆ, ಒಣಗಿ ಕುಗ್ಗುತ್ತವೆ. ಹತ್ತಿಗೆ, ಹಿಂಗಾರಿ ಜೋಳಕ್ಕೆ, ಕಡಲೆಗೆ ಅದು ಬಲು ಛಲೋ; ಮಳೆ ನಿಂತ ಮೇಲೂ ತೇವ ಹಿಡಿದಿಟ್ಟು ಬೆಳೆ ಸಾಕುತ್ತದೆ. ಮೂಲಂಗಿಗೆ ಮಾತ್ರ ಬಿಗಿಯಾಗುತ್ತದೆ. ಇಳಿಯಲು ಹಾದಿ ಸಿಗದ ಬೇರು ಕವಲೊಡೆಯುತ್ತದೆ, ಇಲ್ಲವೆ ಸೊಟ್ಟಗಾಗಿ ಗಿಡ್ಡ ಉಳಿಯುತ್ತದೆ.

ಹಾಗಂತ ಬ್ಯಾಸರ ಮಾಡಿಕೊಳ್ಳಬೇಡ, ಕೆಲಸವನ್ನು ಬೇಗ ಶುರುಮಾಡು. ಸೀಗಿ ಹುಣ್ಣಿಮೆಗೆ ಗುದ್ದಲಿ ಹಿಡಿ. ಮೊದಲು ಹದ ನೋಡು: ಒಂದು ಹಿಡಿ ಮಣ್ಣನ್ನು ಒತ್ತಿ ಬಿಟ್ಟರೆ ಉದುರಬೇಕು. ಉಂಡೆ ಉಂಡೆಯಾಗಿಯೇ ಉಳಿದರೆ ಇನ್ನೂ ಎರಡು ದಿನ ತಡೆ. ಹಸಿ ಎರಿಯನ್ನು ಅಗೆದರೆ, ತುಳಿದಾಡಿದರೆ, ಹೆಂಟೆಗಟ್ಟಿ ಒಣಗುತ್ತದೆ. ಆಮೇಲೆ ಗುದ್ದಲಿಗೂ ಬಗ್ಗುವುದಿಲ್ಲ. ಒಂದಡಿ ಆಳಕ್ಕೆ ಸಡಿಲು ಮಾಡಿ, ಕಲ್ಲು, ಕಟ್ಟಡದ ಚೂರು, ಹಳೆ ಬೇರು ಎಲ್ಲ ಹೆಕ್ಕು. ಮೇಲೆ ಗೇಣೆತ್ತರದ ಮಡಿ ಏರಿಸು. ಗೊಬ್ಬರ ಚೆನ್ನಾಗಿ ಕಳಿತಿರಬೇಕು, ಹಳೆಯ ತಿಪ್ಪಿಗೊಬ್ಬರ, ಸಗಣಿ ವಾಸನೆ ಹೋಗಿ ಮಣ್ಣಿನ ವಾಸನೆ ಬಂದದ್ದು. ಹಸಿ ಗೊಬ್ಬರ ಹಾಕಿದರೂ ಬೇರು ಕವಲೊಡೆಯುತ್ತದೆ. ಎರಡು ಬುಟ್ಟಿ ಮರಳು ಸುರಿದರೆ ಸಾಕೆಂದು ಯಾರಾದರೂ ಹೇಳಿಯಾರು, ಕೇಳಬೇಡ. ಎರಿಯನ್ನು ಸಡಿಲಿಸುವುದು ಗೊಬ್ಬರವೇ.

ಬೀಜಕ್ಕೆ ಅರ್ಕಾ ನಿಶಾಂತ್ ಕೇಳು. ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ತಳಿ ಅದು. 50ರಿಂದ 55 ದಿನಕ್ಕೆ ಬರುತ್ತದೆ, ಬೇಗ ಬೆಂಡಾಗುವುದಿಲ್ಲ, ಕವಲೂ ಕಡಿಮೆ. ಬೇಸಿಗೆಯಲ್ಲಿ ಊರುವ ಮನಸ್ಸಾದರೆ ಪೂಸಾ ಚೇತಕಿ ಎಂಬ ದಿಲ್ಲಿಯ ತಳಿ ಬೇರೆ ಇದೆ, ಸೆಕೆ ತಾಳುತ್ತದೆ, 40-45 ದಿನದ್ದು. ಯತ್ತಿನಗುಡ್ಡದ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೂ ಒಮ್ಮೆ ಹೋಗಿ ಬಾ. 1986ರಲ್ಲಿ ಆ ವಿಶ್ವವಿದ್ಯಾಲಯ ಶುರುವಾದಾಗಿನಿಂದ ಈ ಭಾಗದ ರೈತರಿಗೆ ಅದು ಬೀಜದ ಮನೆ, ಮಾತಿನ ಮನೆ ಎರಡೂ. ಪೊಟ್ಟಣದ ಬೀಜಕ್ಕೆ ಗುಲಾಬಿಯೋ ಹಸಿರೋ ಬಣ್ಣ ಇದ್ದರೆ ಔಷಧ ಸವರಿದ್ದಾರೆಂದು ತಿಳಿ, ಊರಿದ ಮೇಲೆ ಸಾಬೂನು ಹಚ್ಚಿ ಕೈ ತೊಳೆ.

ದೀಪಾವಳಿ ಪಾಡ್ಯದಂದು ಮೊದಲ ಸಾಲು. ಲೆಕ್ಕ ನೋಡು: ದೀಪಾವಳಿ ಅಮಾವಾಸ್ಯೆಯಿಂದ ಎಳ್ಳ ಅಮಾವಾಸ್ಯೆಗೆ ಎರಡು ಚಾಂದ್ರಮಾಸ, ಅಂದರೆ 59 ದಿನ. ಪಾಡ್ಯಕ್ಕೆ ಊರಿದ್ದು ಆ ಹೊತ್ತಿಗೆ ತುಂಬಿ ಬಂದಿರುತ್ತದೆ. ತುಳಸಿ ಲಗ್ನದಂದು ಎರಡನೆಯ ಸಾಲು ಊರಿದರೆ ಅದು ಎಳ್ಳ ಅಮಾವಾಸ್ಯೆ ದಾಟಿ ಒಂದು ವಾರಕ್ಕೆ ಕೀಳಲು ಬರುತ್ತದೆ. ಹೀಗೆ ತಡೆದು ತಡೆದು ಊರಬೇಕು. ಒಮ್ಮೆಲೇ ಊರಿದರೆ ಒಮ್ಮೆಲೇ ಕೀಳಬೇಕಾಗುತ್ತದೆ, ಇಬ್ಬರಿರುವ ಮನೆಯಲ್ಲಿ ಅಷ್ಟು ಯಾರು ತಿನ್ನುವವರು?

ಅರ್ಧ ಇಂಚು ಆಳ ಸಾಕು. ಸಾಲಿನಿಂದ ಸಾಲಿಗೆ ಒಂದಡಿ ಬಿಡು. ಬೇರೆಡೆ ಸಸಿ ಮಾಡಿ ಕಿತ್ತು ಹಚ್ಚುವ ಬೆಳೆ ಇದಲ್ಲ, ನೆಟ್ಟಗೆ ಇಳಿಯುವ ಎಳೆ ತಾಯಿಬೇರು ಮುರಿದರೆ ಮತ್ತೆ ನೆಟ್ಟಗಾಗುವುದಿಲ್ಲ. ನಾಲ್ಕೈದು ದಿನಕ್ಕೆ ಮೊಳಕೆ ಕಾಣುತ್ತದೆ. ಎರಡು-ಮೂರು ಎಲೆ ಬಂದಾಗ ನಾಲ್ಕು ಬೆರಳಿಗೊಂದರಂತೆ ಉಳಿಸಿ ಮಿಕ್ಕಿದ್ದನ್ನು ಕೀಳಬೇಕು. ಪುಟ್ಟೀ, ನಿನ್ನ ಮನಸ್ಸು ನನಗೆ ಗೊತ್ತು. ಹುಟ್ಟಿದ ಸಸಿಯನ್ನು ಕೀಳಲು ನಿನಗೆ ಜೀವ ಬಾರದು. ಆದರೂ ಕೀಳು. ಒತ್ತೊತ್ತಾಗಿ ನಿಂತ ಮೂಲಂಗಿ ಬರೀ ತಪ್ಪಲ ಬೆಳೆಯುತ್ತದೆ, ಕೆಳಗೆ ಗಡ್ಡೆ ಕಟ್ಟುವುದಿಲ್ಲ. ಕಿತ್ತ ಎಳೆ ಸಸಿಯನ್ನು ಚೆಲ್ಲಬೇಡ, ತೊಳೆದು ಹೆಸರುಬೇಳೆ ಕೋಸಂಬರಿಗೆ ಹಾಕಿದರೆ ಹಿತವಾದ ಖಾರ ಬರುತ್ತದೆ.

ನೀರಿಗೆ ದಿನದ ನಿಯಮ ಇಟ್ಟುಕೊಳ್ಳಬೇಡ. ಎರಿ ತೇವ ಬಿಡುವುದು ನಿಧಾನ. ಬೆರಳು ಒತ್ತಿ ನೋಡಿ, ಒಣಗಿದ್ದರೆ ಹಾಕು. ಒಣಗಿಸಿ ಒಣಗಿಸಿ ಒಮ್ಮೆಲೇ ತುಂಬ ಹಾಕಿದರೆ ಬೇರು ಸೀಳುತ್ತದೆ. ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಕಂಡರೆ ಪುಟ್ಟ ಹಾರುವ ದುಂಬಿಯ ಕೆಲಸ. ಹೇನು ಬಂದರೆ ಬೇವಿನ ಬೀಜದ ಕಷಾಯ ಸಿಂಪಡಿಸು. ಇಷ್ಟರ ಮೇಲೆ ಔಷಧದ ಅಂಗಡಿಗೆ ಹೋಗುವ ಪ್ರಸಂಗ ಬಾರದು.

ಹೊತ್ತಿಗೆ ಸರಿಯಾಗಿ ಕೀಳುವುದು ಬಹಳ ಮುಖ್ಯ. ಇನ್ನೂ ದಪ್ಪಾಗಲಿ ಎಂದು ಬಿಟ್ಟರೆ ಒಳಗೆ ಬೆಂಡಾಗುತ್ತದೆ. ಭುಜ ನೆಲದ ಮೇಲೆ ಕಾಣತೊಡಗಿದಾಗ ಒಂದನ್ನು ಕಿತ್ತು ಕೊಯ್ದು ನೋಡು. ಮೂಲಂಗಿ ಸಾಸಿವೆಯ ಬಳಗದ್ದು. ಕೊಯ್ದಾಗ, ಕಚ್ಚಿದಾಗ ಜೀವಕೋಶ ಒಡೆದು, ಅದರೊಳಗೆ ಬೇರೆಬೇರೆ ಇದ್ದ ಎರಡು ಪದಾರ್ಥ ಕೂಡಿದಾಗಲೇ ಮೂಗಿಗೆ ಏರುವ ಆ ಖಾರ ಹುಟ್ಟುತ್ತದೆ. ಸಿಪ್ಪೆಯಲ್ಲಿ ಖಾರ ಹೆಚ್ಚು, ಸೆಕೆಯಲ್ಲಿ ಬೆಳೆದದ್ದರಲ್ಲಿ ಇನ್ನೂ ಹೆಚ್ಚು. ಮಾರ್ಗಶಿರದ ಚಳಿಯಲ್ಲಿ ಬಂದ ಮೂಲಂಗಿ ಸಿಹಿಯಾಗಿರುತ್ತದೆ. ಕೈಯಲ್ಲಿ ಹಿಡಿದು ಹಾಗೇ ಕಡಿದು ತಿನ್ನಬೇಕಾದದ್ದು ಅದನ್ನೇ, ಬಿಸಿ ಜೋಳದ ರೊಟ್ಟಿ, ಗುರೆಳ್ಳ ಹಿಂಡಿ, ಮೊಸರಿನ ಜೊತೆ. ತಪ್ಪಲನ್ನು ಹೆಸರುಬೇಳೆ ಹಾಕಿ ಪಲ್ಯ ಮಾಡು. ಪ್ಯಾಟೆಯಲ್ಲಿ ತಪ್ಪಲ ಕಿತ್ತು ಒಗೆದು ಬರೀ ಗಡ್ಡೆ ಮಾರುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ, ಅರ್ಧ ಊಟವನ್ನೇ ಚೆಲ್ಲಿದರಲ್ಲ ಅಂತ.

ಎಲ್ಲವನ್ನೂ ಕೀಳಬೇಡ. ನೆಟ್ಟಗೆ, ಚೆಂದಾಗಿ ಬಂದ ಐದಾರು ಗಿಡಗಳನ್ನು ಬೀಜಕ್ಕೆ ಬಿಡು. ಒಂದೇ ಗಿಡ ಸಾಲದು, ತನ್ನ ಪರಾಗದಿಂದ ತಾನು ಕಾಳು ಕಟ್ಟುವುದು ಅಪರೂಪ. ಜೇನು ಒಂದರಿಂದ ಇನ್ನೊಂದಕ್ಕೆ ಓಡಾಡಬೇಕು. ಎಳೆ ಕಾಯಿ ಹಸಿಯಾಗಿಯೇ ತಿನ್ನಲು ರುಚಿ. ಬಲಿತು ಒಣಗಿದ ಕಾಯಿ ಸಾಸಿವೆಯಂತೆ ತಾನಾಗಿ ಸಿಡಿಯುವುದಿಲ್ಲ, ಬಡಿದು ಕಾಳು ಬಿಡಿಸಬೇಕು.

ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲಿದ ಮೇಲೆ ನಾನೂ ನಿನ್ನ ಅಜ್ಜನೂ ನಿನ್ನಲ್ಲಿಗೆ ಬರುತ್ತೇವೆ. ಸಜ್ಜಿ ರೊಟ್ಟಿ, ಎಣಗಾಯಿ, ಶೇಂಗಾ ಹೋಳಿಗೆ ಬುತ್ತಿ ನಾನು ಕಟ್ಟಿಕೊಂಡು ಬರುವೆ, ಮೂಲಂಗಿ ನಿನ್ನದು. ಅದಕ್ಕೂ ಮೊದಲು ಒಂದನ್ನು ಕಿತ್ತು, ಕವಲೊಡೆದಿದ್ದರೂ ಸರಿ, ಮಣ್ಣು ತೊಳೆಯದೆ ಫೋಟೋ ತೆಗೆದು ಕಳಿಸು. ಮುಂದಿನ ಸಾಲಿಗೆ ಮಡಿ ಇನ್ನೆಷ್ಟು ಏರಿಸಬೇಕೆಂದು ನೋಡಿ ಹೇಳುತ್ತೇನೆ.

ನಿನ್ನ ಪ್ರೀತಿಯ
ಅಜ್ಜಿ